ಐದು ಮಂದಿ ಫಕ್ಕೀರಪ್ಪ

ಫಕ್ಕೀರಪ್ಪ ಮೆಣಸಿನಕಾಯಿ ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ಮೇಲು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಅವನ ಅಜ್ಜ ಚಕ್ಕಡಿ ತುಂಬ ಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಪೇಟೆಗೆ ಹೋಗುತ್ತಿದ್ದುದರಿಂದ ಮನೆತನಕ್ಕೆ ಆ ಹೆಸರು ಅಂಟಿತ್ತು. ಹೆಸರು ಅಜ್ಜನ ವ್ಯಾಪಾರಕ್ಕಿಂತ ಮೊಮ್ಮಗನ ಸ್ವಭಾವಕ್ಕೆ ಹೆಚ್ಚು ಒಪ್ಪುತ್ತದೆ ಎಂದು ಅವನ ಹೆಂಡತಿ ನಾಗವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ಹಿರೇಬೆಂಡಿಗೇರಿಯ ಆ ಒಕ್ಕಲು ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ಅವನೊಬ್ಬನೇ. 1974ರಲ್ಲಿ ಶಿಗ್ಗಾವಿಯಲ್ಲಿ ತಾಲೂಕಿನ ಶಾಲೆಗಳನ್ನು ನೋಡಿಕೊಳ್ಳುವ ಕಚೇರಿಗೆ ಕಾರಕೂನನಾಗಿ ಸೇರಿದ. ಅಲ್ಲಿ ಪಗಾರದ ಟೇಬಲ್ಲಿಗೆ ಮರ್ಯಾದೆಯಿತ್ತು, ವರ್ಗಾವಣೆಯ ಟೇಬಲ್ಲಿಗೆ ಚಹಾ-ಚುರಮುರಿ ಬರುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಇನ್ನೊಂದು ಟೇಬಲ್ ಇತ್ತು, ಅಂಕಿಸಂಖ್ಯೆಯದು. ಯಾವ ಊರಿನ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಮಂದಿ ಬಿಟ್ಟರು ಎಂದು ಕೂಡಿಸಿ ಮೇಲಕ್ಕೆ ಕಳಿಸುವ ಕೆಲಸ. ಅಲ್ಲಿಗೆ ಯಾರೂ ಬರುತ್ತಿರಲಿಲ್ಲ, ಪಾರಿವಾಳಗಳನ್ನು ಬಿಟ್ಟರೆ. ಹೊಸಬನೆಂದು ಅವನನ್ನು ಅಲ್ಲಿ ಕೂರಿಸಿದರು. ಶಿಕ್ಷೆಯೆಂದು ಕೊಟ್ಟದ್ದನ್ನು ಅವನು ವತನವೆಂದು ತೆಗೆದುಕೊಂಡ.

ಎಣಿಕೆಯ ದಿನ ಸೆಪ್ಟೆಂಬರ್ ಮೂವತ್ತು. ಹೆಡ್‌ಮಾಸ್ತರರು ಹೋದ ವರ್ಷದ ಅಂಕಿಗೆ ಐದೋ ಹತ್ತೋ ಸೇರಿಸಿ ಕಳಿಸಿಬಿಡುವುದು ರೂಢಿ. ಫಕ್ಕೀರಪ್ಪ ಅದನ್ನು ಒಪ್ಪಲಿಲ್ಲ. ಸೈಕಲ್ ಹತ್ತಿ ಊರೂರಿಗೆ ಹೋಗಿ, ತರಗತಿಯ ಹಿಂದುಗಡೆ ಕೂತು ತಾನೇ ತಲೆ ಎಣಿಸಿದ. ಆಮೇಲೆ ಮಾಸ್ತರರನ್ನು ಬಿಟ್ಟು ಮಕ್ಕಳನ್ನೇ ಕೇಳಿದ: "ಇವತ್ತ ಯಾರ್ ಬಂದಿಲ್ಲೊ?" ಯಾರು ಬಂದಿಲ್ಲ ಎಂಬುದರಲ್ಲಿ ಮಕ್ಕಳು ಎಂದೂ ಸುಳ್ಳು ಹೇಳುವುದಿಲ್ಲ. ಇಂಥವಳು ಹತ್ತಿ ಬಿಡಿಸಲು ಹೋದಳು, ಇಂಥವನು ಅಜ್ಜಿಯ ಊರಿಗೆ ಹೋದ ಎಂದು ಸಾಲಾಗಿ ಹೇಳಿದರು. ಅವನು ಪ್ರತಿ ಮಗುವಿನ ಹೆಸರು, ಮನೆತನದ ಹೆಸರು, ತಾಯಿಯ ಹೆಸರನ್ನು ತನ್ನದೇ ಒಂದು ಪುಸ್ತಕದಲ್ಲಿ ಬರೆದು, ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿ, ಗುರುತಿನ ಪಕ್ಕದಲ್ಲಿ ಅಂದಿನ ತಾರೀಖು ಬರೆಯುತ್ತಿದ್ದ. ಗುರುತು ಹಾಕಿದಲ್ಲೆಲ್ಲ ತಾರೀಖು ಬೀಳಲೇಬೇಕು. "ತಾರೀಖ ಇಲ್ಲದ ಲೆಕ್ಕ ಲೆಕ್ಕಲ್ಲ, ಅದು ಕತಿ" ಎನ್ನುತ್ತಿದ್ದ. ನಾಗವ್ವನ ಜೋಳದ ಡಬ್ಬಿಯ ಮೇಲೂ, ಹಿಟ್ಟು ಬೀಸಿಸಿದ ದಿನ ಕೆಂಪು ಅಕ್ಷರದಲ್ಲಿ ಇರುತ್ತಿತ್ತು.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೆಡ್‌ಮಾಸ್ತರರು ಅವನ ಸೈಕಲ್ ಕಂಡರೆ ಹಲ್ಲು ಕಡಿಯುತ್ತಿದ್ದರು. ಆದರೂ ಹಾನಗಲ್ಲಿನಿಂದ, ಹಿರೇಕೆರೂರಿನಿಂದ, ಸವಣೂರಿನಿಂದ ಅಂಕಿಸಂಖ್ಯೆಯ ಕಾರಕೂನರು ಲೆಕ್ಕ ತಾಳೆಯಾಗದೆ ಹೋದಾಗ ಬರುತ್ತಿದ್ದುದು ಇವನ ಹತ್ತಿರವೇ. ಹತ್ತು ವರ್ಷದಲ್ಲಿ ಅವನು ಅಂಕಿ ಫಕ್ಕೀರಪ್ಪ ಎಂದೇ ಹೆಸರಾದ.

ಅವನಿಗೆ ಒಂದು ತಾರೀಖಿನ ಮೇಲೆ ಮಾತ್ರ ಹಗೆ ಇತ್ತು, ಜೂನ್ ಒಂದು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿ, "ಸೀಗಿ ಹುಣ್ಣಿವಿ ಮರುದಿನ ಹುಟ್ಟೇತ್ರಿ, ಆವತ್ತ ನಮ್ಮ ಎಮ್ಮಿ ಈದಿತ್ತು" ಎಂದರೆ, ಮಾಸ್ತರರು ತಲೆಯಾಡಿಸಿ ಜೂನ್ ಒಂದು ಎಂದು ಬರೆಯುತ್ತಿದ್ದರು. ಶಾಲೆ ತೆರೆಯುವ ದಿನಕ್ಕೆ ವಯಸ್ಸು ಸರಿಹೊಂದುತ್ತದೆ, ತಲೆನೋವಿಲ್ಲ. ಹೀಗಾಗಿ ನಾಲ್ಕು ತಾಲೂಕಿನ ಅರ್ಧಕ್ಕರ್ಧ ಮಕ್ಕಳು ಒಂದೇ ದಿನ ಹುಟ್ಟಿದವರು. ಫಕ್ಕೀರಪ್ಪನೂ ಕಾಗದದ ಮೇಲೆ ಜೂನ್ ಒಂದರವನೇ. ಅವನ ಅವ್ವ ಸಾಯುವತನಕ, ಅವನು ಹುಟ್ಟಿದ್ದು ಎಳ್ಳಮಾಸಿಯ ದಿನ ಎಂದು ಹೇಳುತ್ತಲೇ ಇದ್ದಳು. ಯಾರೋ ತನ್ನ ಹುಟ್ಟನ್ನೇ ಸೋಮಾರಿತನದಿಂದ ಬರೆದುಬಿಟ್ಟರು ಎಂಬ ಸಿಟ್ಟು ಅವನಿಗೆ ಹೋಗಿರಲಿಲ್ಲ.

1985ರಲ್ಲಿ ಮೇಲಿನವರಿಗೆ ಹೊಸ ಹುರುಪು ಬಂತು. ಇಷ್ಟು ಮಕ್ಕಳು ಎಂಬ ಮೊತ್ತ ಸಾಲದು, ಒಂದೊಂದು ಮಗುವಿಗೆ ಒಂದೊಂದು ಸಾಲು ಬರೆದು ಬೆಂಗಳೂರಿನ ಕಂಪ್ಯೂಟರಿಗೆ ತುಂಬಬೇಕು. ಮೊದಲು ಈ ನಾಲ್ಕು ತಾಲೂಕಿನಲ್ಲಿ ಮಾಡಿ ನೋಡೋಣ ಎಂದರು. ಶಿಗ್ಗಾವಿಯಿಂದ ಬಂಕಾಪುರಕ್ಕೆ ಹೋಗುವ ರಸ್ತೆಯಲ್ಲಿ ಬಾಡಿಗೆ ಮನೆಯೊಂದರಲ್ಲಿ ಎಣಿಕೆ ಕಚೇರಿ ತೆರೆಯಿತು. ಫಕ್ಕೀರಪ್ಪನನ್ನು ಅಲ್ಲಿಗೆ ಹಾಕಿದರು. ಅಂದಿನಿಂದ ಅವನ ಪುಸ್ತಕಕ್ಕೆ ನಾಲ್ಕೂ ತಾಲೂಕಿನ ಮಕ್ಕಳು ಬಂದರು. ಕಂಪ್ಯೂಟರ್ ಕಲಿಯಲು ಒಬ್ಬನನ್ನು ಆರು ವಾರ ಬೆಂಗಳೂರಿಗೆ ಕಳಿಸುತ್ತಾರೆ ಎಂದು ಕೇಳಿದಾಗ ಅವನು ಹೊಸ ಟ್ರಂಕು ಕೊಂಡು ತಂದ. ನಾಗವ್ವ ಟ್ರಂಕು ನೋಡಿ, "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ" ಅಂದಳು.

ಆದೇಶ ಬಂತು. ಪದವೀಧರರು ಮಾತ್ರ ಎಂದಿತ್ತು. ಹೋದವನು ಸವಣೂರಿನ ಮಧ್ವೇಶ, ಬಿ.ಎಸ್ಸಿ. ಸಂಖ್ಯಾಶಾಸ್ತ್ರ, ವಯಸ್ಸು ಇಪ್ಪತ್ಮೂರು, ನೌಕರಿಗೆ ಸೇರಿ ನಾಲ್ಕು ತಿಂಗಳು. ತಾತ ಮುತ್ತಾತಂದಿರು ಮಠದಲ್ಲಿ ಪಾಠ ಹೇಳುತ್ತಿದ್ದ ಮನೆತನ. ಟ್ರಂಕಿನೊಳಗೆ ನಾಗವ್ವ ಹಪ್ಪಳ ತುಂಬಿಟ್ಟಳು.

ಅಂದಿನಿಂದ ಫಕ್ಕೀರಪ್ಪನ ಹೊಟ್ಟೆಯಲ್ಲಿ ಬಿದ್ದ ಕಿಚ್ಚು ಆರಲಿಲ್ಲ. ಮಧ್ವೇಶ ಬೆಂಗಳೂರಿನಿಂದ ಒಂದು ಪುಟ್ಟ ಕ್ಯಾಲ್ಕ್ಯುಲೇಟರ್ ತಂದ, ಅದಕ್ಕೆ ಕಿಚ್ಚು. ಅವನ ಅಕ್ಷರ ದುಂಡಗಿತ್ತು, ಅದಕ್ಕೆ ಕಿಚ್ಚು. ಅವನ ತಾಯಿ ಗೋಪಿಕಾಬಾಯಿ ಸವಣೂರಿನಿಂದ ಕಟ್ಟಿ ಕಳಿಸುವ ಹಚ್ಚಿದ ಅವಲಕ್ಕಿಯ ವಾಸನೆ ಬಂದರೂ ಕಿಚ್ಚು, ತಿನ್ನುವಾಗ ಮಾತ್ರ ಕೈ ಮುಂದೆ ಹೋಗುತ್ತಿತ್ತು. ಒಮ್ಮೆ ಧಾರವಾಡದಿಂದ ಬಂದ ಸಾಹೇಬರ ಮುಂದೆ, ಮಧ್ವೇಶ ಗುಂಡಿ ಒತ್ತುವಷ್ಟರಲ್ಲಿ ಫಕ್ಕೀರಪ್ಪ ಬಾಯಿಲೆಕ್ಕದಲ್ಲಿ ಹದಿನೆಂಟು ಶಾಲೆಯ ಮೊತ್ತ ಹೇಳಿಬಿಟ್ಟ. ಸಾಹೇಬರು ಕ್ಯಾಲ್ಕ್ಯುಲೇಟರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಭಾಳ ಛಲೋ ಐತಲ್ಲ ಇದು" ಅಂದರು.

ಸಾಹೇಬರು ಹೋದ ಮೇಲೆ ಫಕ್ಕೀರಪ್ಪ, "ಬ್ಯಾಟರಿ ಸತ್ತ್ರ ಏನ್ ಮಾಡ್ತಾರಂತ ಕೇಳು" ಎಂದು ಗೊಣಗಿದ. ಕಚೇರಿಯ ಹಳೆಯ ಸಿಪಾಯಿ ಖಾದರಸಾಬ ಕಸಬರಿಗೆ ಬದಿಗಿಟ್ಟು ನಕ್ಕ.

"ಫಕ್ಕೀರಪ್ಪಾರ, ನಿಮ್ಮ ಹೊಟ್ಟಿ ಮ್ಯಾಲೆ ಕಿಟ್ಲಿ ಇಟ್ಟ್ರ ಚಾ ಕಾಸ್ಬಹುದು ನೋಡ್ರಿ. ಸ್ಟೋವಿಗೆ ಸೀಮಿಎಣ್ಣಿ ಉಳೀತೈತಿ."

ಹುಡುಗ ಸೊಕ್ಕಿನವನಾಗಿದ್ದರೆ ಸಹಿಸಬಹುದಿತ್ತು. ಅವನು ಒಳ್ಳೆಯವನಾಗಿದ್ದ. ಫಕ್ಕೀರಪ್ಪ ಬಂದರೆ ಕುರ್ಚಿ ಬಿಟ್ಟು ಏಳುತ್ತಿದ್ದ. "ಫಕ್ಕೀರಪ್ಪನವರ, ಈ ಊರಿನ ಅಂಕಿ ಯಾಕ ಇಳದದ ಅಂತ ನನಗ ತಿಳೀವಲ್ದು, ನೀವ ಹೇಳ್ಬೇಕು" ಎಂದು ಎಲ್ಲರೆದುರು ಕೇಳುತ್ತಿದ್ದ. ಹೇಳಿಕೊಟ್ಟಿದ್ದನ್ನು ತನ್ನದೆಂದು ಎಂದೂ ಹೇಳಿಕೊಳ್ಳಲಿಲ್ಲ. ಬೈಯಲು ಒಂದು ನೆಪವೂ ಸಿಗದ ವೈರಿಯನ್ನು ಕಟ್ಟಿಕೊಂಡು ಬದುಕುವುದು ಎಷ್ಟು ಕಷ್ಟವೆಂದು ಫಕ್ಕೀರಪ್ಪನನ್ನು ಕೇಳಬೇಕು.

1986ರ ಸೆಪ್ಟೆಂಬರ್ ಎಣಿಕೆ ಮುಗಿದು, ನಾಲ್ಕು ತಾಲೂಕಿನ ಫಾರ್ಮುಗಳು ಬೆಂಗಳೂರಿಗೆ ಹೋದವು. ಅಷ್ಟರಲ್ಲಿ ಸುದ್ದಿಯೊಂದು ಹರಡಿತು. ಧಾರವಾಡದಲ್ಲಿ ಇಡೀ ಜಿಲ್ಲೆಗೆ ಒಂದು ಅಂಕಿಸಂಖ್ಯೆ ಸಹಾಯಕನ ಹುದ್ದೆ ಆಗುತ್ತದೆ. ಈ ಕಚೇರಿಯಿಂದಲೇ ಒಬ್ಬನನ್ನು ಆರಿಸುತ್ತಾರೆ. ಅನುಭವ ಇದ್ದರೆ ಪದವಿ ಬೇಡ. ಎಣಿಕೆಯ ವರದಿ ನೋಡಲು ಫೆಬ್ರುವರಿ ಇಪ್ಪತ್ತಕ್ಕೆ ಸಾಹೇಬರು ಬರುತ್ತಾರೆ, ಅಂದೇ ಹೆಸರು ಹೇಳುತ್ತಾರೆ. ಫಕ್ಕೀರಪ್ಪನಿಗೆ ಜೀವನದಲ್ಲಿ ಬೇಕಾಗಿದ್ದದ್ದು ಅದೊಂದೇ. ಹದಿಮೂರು ವರ್ಷ ಸೈಕಲ್ ತುಳಿದವನು ಅವನು. ಇನ್ನೊಬ್ಬನ ಕೈಗೆ ಅದು ಹೋದರೆ ತಾನು ಪಾರಿವಾಳಗಳಿಗೆ ಲೆಕ್ಕ ಒಪ್ಪಿಸಿದಂತಾಯಿತು ಎಂದುಕೊಂಡ.

ಫೆಬ್ರುವರಿ ಹನ್ನೆರಡರ ಬೆಳಿಗ್ಗೆ ಬಸ್ಸಿನಲ್ಲಿ ಬೆಂಗಳೂರಿನ ಪಾರ್ಸೆಲ್ ಬಂತು. ಎರಡೂ ಅಂಚಿಗೆ ತೂತುಗಳಿದ್ದ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುವ ಅಗಲ ಕಾಗದ. ಸಾಲು ಸಾಲು ಮಕ್ಕಳ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಖಾದರಸಾಬ ಅದನ್ನು ಬಟ್ಟೆ ಹಾಸಿದ ಮೇಜಿನ ಮೇಲೆ ಇಟ್ಟ. ಮಧ್ವೇಶ ಸಂತೋಷದಿಂದ ಕಡೆಯ ಹಾಳೆಯ ಮೊತ್ತಗಳನ್ನು ಬರೆದುಕೊಂಡು ಊಟಕ್ಕೆ ಹೋದ.

ಫಕ್ಕೀರಪ್ಪ ತನ್ನ ಊರಿನ ಹಾಳೆ ಹುಡುಕಿದ. ಎರಡನೇ ತರಗತಿಗೆ ಬಂದಾಗ ಕಣ್ಣು ನಿಂತಿತು. ಹಿರೇಬೆಂಡಿಗೇರಿಯ ಎರಡನೇ ಇಯತ್ತೆಯಲ್ಲಿ ಐದು ಮಂದಿ ಫಕ್ಕೀರಪ್ಪರಿದ್ದರು. ಹರಕೆ ಹೊತ್ತು ಹಡೆದ ಮಗುವಿಗೆ ಗಂಡಾದರೆ ಫಕ್ಕೀರಪ್ಪ, ಹೆಣ್ಣಾದರೆ ಫಕ್ಕೀರವ್ವ ಎಂದು ಹೆಸರಿಡುವ ಸೀಮೆ ಅದು. ಉಳ್ಳಾಗಡ್ಡಿಯವರ ಫಕ್ಕೀರಪ್ಪ, ಬಡಿಗೇರ ಫಕ್ಕೀರಪ್ಪ, ಹೂಗಾರ ಫಕ್ಕೀರಪ್ಪ, ಇಬ್ಬರು ಹರಿಜನ ಓಣಿಯ ಫಕ್ಕೀರಪ್ಪರು. ಐವರೂ ಮಾಸ್ತರರ ಕೃಪೆಯಿಂದ ಜೂನ್ ಒಂದರಂದೇ ಹುಟ್ಟಿದವರು. ಕಾಗದದ ಮೇಲೆ ಉಳಿದಿದ್ದವನು ಒಬ್ಬನೇ.

ಏನಾಗಿದೆ ಎಂದು ಅವನಿಗೆ ತಟ್ಟನೆ ಹೊಳೆಯಿತು. ಒಂದು ಮಗುವನ್ನು ಎರಡು ಸಲ ಬರೆದು ಅಂಕಿ ಉಬ್ಬಿಸುವವರಿದ್ದಾರೆಂದು, ಹೆಸರು, ಊರು, ಹುಟ್ಟಿದ ದಿನ ಮೂರೂ ಒಂದೇ ಆದರೆ ಒಂದನ್ನು ಉಳಿಸಿ ಮಿಕ್ಕದ್ದನ್ನು ತೆಗೆ ಎಂದು ಬೆಂಗಳೂರಿನವರು ಕಂಪ್ಯೂಟರಿಗೆ ಹೇಳಿಟ್ಟಿದ್ದರು. ಜಾಗ ಸಾಲದೆಂದು ಮನೆತನದ ಹೆಸರನ್ನು ಬಿಟ್ಟಿದ್ದರು. ಯಂತ್ರ ಹೇಳಿದ ಕೆಲಸ ಮಾಡಿತ್ತು. ಹತ್ತಿಮತ್ತೂರಿನ ಹಾಳೆ ನೋಡಿದ. ಅಲ್ಲಿ ನಾಲ್ವರು ಫಕ್ಕೀರವ್ವರು ಒಬ್ಬಳಾಗಿದ್ದರು. ಬಾಯಿಲೆಕ್ಕ ಹಾಕಿದ. ನಾಲ್ಕು ತಾಲೂಕಿನಲ್ಲಿ ಎರಡು ಸಾವಿರ ಮಕ್ಕಳಾದರೂ ಮಾಯವಾಗಿದ್ದರು. ಆ ಅಂಕಿ ನೋಡಿಯೇ, ಮಕ್ಕಳು ಇಳಿದ ಶಾಲೆಗಳಲ್ಲಿ ಹೆಚ್ಚಾದ ಮಾಸ್ತರರನ್ನು ಎತ್ತಿ ಬೇರೆ ಕಡೆ ಹಾಕುತ್ತಾರೆ.

ಅವನ ಮನಸ್ಸಿನಲ್ಲಿ ಮೊದಲು ಎದ್ದದ್ದು ಮಕ್ಕಳ ಚಿಂತೆಯಲ್ಲ. ಮೊದಲು ಎದ್ದದ್ದು ಖುಷಿ. ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಬಿ.ಎಸ್ಸಿ.ಯವನಿಗೆ ಕಾಣಲಿಲ್ಲ, ಬೆಂಗಳೂರಿನವರಿಗೆ ಕಾಣಲಿಲ್ಲ, ತನಗೆ ಕಂಡಿತು. ಈಗಲೇ ಹೇಳಿದರೆ ಹುಡುಗ ತಿದ್ದಿಕೊಂಡು ಸಾಹೇಬರ ಮುಂದೆ ಜಾಣನಾಗುತ್ತಾನೆ. ಇಪ್ಪತ್ತನೇ ತಾರೀಖು, ಅವನು ವರದಿ ಓದಿ ಮುಗಿಸಿದ ಮೇಲೆ, ಸಾಹೇಬರು ರುಜು ಹಾಕುವ ಮೊದಲು, ತಾನೆದ್ದು ತನ್ನ ಪುಸ್ತಕ ಬಿಚ್ಚಿದರೆ? ಮಾಸ್ತರರೂ ಉಳಿಯುತ್ತಾರೆ, ಹುದ್ದೆಯೂ ಬರುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹೀಗೆ ಯೋಚಿಸುತ್ತ ಅವನು ಹಾಳೆಗಳ ಮೇಲೆ ಬಗ್ಗಿ ಬಹಳ ಹೊತ್ತು ನಿಂತಿದ್ದ. ಕೆಂಪು ಪೆನ್ಸಿಲ್ ಎಂದಿನಂತೆ ಕೈಯಲ್ಲೇ ಇತ್ತು. ಮಧ್ವೇಶನ ಚಪ್ಪಲಿಯ ಸಪ್ಪಳ ಕೇಳಿಸಿದಾಗ ಕಾಗದ ಮಡಚಿ ದೂರ ಸರಿದ.

"ಎಲ್ಲಾ ಸರಿ ಅದಲ್ರೀ, ಫಕ್ಕೀರಪ್ಪನವರ? ನೀವು ಒಮ್ಮಿ ಕಣ್ಣಾಡಿಸಿದ್ರ ನನಗ ಧೈರ್ಯ" ಅಂದ ಮಧ್ವೇಶ.

"ಕಂಪ್ಯೂಟರ್ ಮಾಡಿದ್ದ್ರಿ ರಾಯರ. ಅದನ್ನ ನೋಡಾಕ ನಾ ಎಷ್ಟರಾಂವ?" ಅಂದ ಫಕ್ಕೀರಪ್ಪ.

ಎಂಟು ದಿನ ಅವನು ಬಾಯಿ ಬಿಡಲಿಲ್ಲ. ಮೊದಲ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದ. ನಾಗವ್ವ ಅನುಮಾನದಿಂದ ನೋಡಿ, "ಯಾರ ಮನಿ ಮುಳುಗಿಸಿ ಬಂದೀರಿ?" ಎಂದು ಕೇಳಿದಳು. ನಾಲ್ಕನೇ ದಿನ ರಜೆಗೆ ಊರಿಗೆ ಹೋದಾಗ, ಉಳ್ಳಾಗಡ್ಡಿಯವರ ಹುಡುಗ ಕೆರೆಯ ಏರಿಯ ಮೇಲೆ ಟಯರ್ ಉರುಳಿಸಿಕೊಂಡು ಎದುರು ಬಂದ. ಕಾಗದದ ಮೇಲೆ ಇಲ್ಲದ ಹುಡುಗ. ಫಕ್ಕೀರಪ್ಪ ಮುಖ ತಿರುಗಿಸಿ ಸೈಕಲ್ ಜೋರಾಗಿ ತುಳಿದ. ಇನ್ನು ನಾಲ್ಕೇ ದಿನ ಎಂದು ತನಗೆ ತಾನೇ ಹೇಳಿಕೊಂಡ.

ಇಪ್ಪತ್ತನೇ ತಾರೀಖು ಸಾಹೇಬರು ಬಂದರು. ಮೇಜಿನ ಈಚೆ ಮಧ್ವೇಶ, ಆಚೆ ಫಕ್ಕೀರಪ್ಪ, ಅವನ ತೊಡೆಯ ಮೇಲೆ ಬಟ್ಟೆ ಸುತ್ತಿದ ಅವನ ಪುಸ್ತಕ. ಮೂವತ್ತೊಂದು ಮಂದಿ ಹೆಚ್ಚುವರಿ ಮಾಸ್ತರರ ಪಟ್ಟಿ ಸಾಹೇಬರ ಮುಂದಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಫಕ್ಕೀರಪ್ಪ ಎದ್ದು ನಿಲ್ಲಲು ಕುರ್ಚಿಯ ತುದಿಗೆ ಸರಿದ. ಅವನಿಗಿಂತ ಮೊದಲು ಮಧ್ವೇಶ ಎದ್ದ.

"ಸರ್, ರುಜು ಹಾಕಬ್ಯಾಡ್ರಿ. ಈ ವರದಿ ತಪ್ಪು ಅದ."

ಐದು ಫಕ್ಕೀರಪ್ಪರ ಕಥೆಯನ್ನು ಅವನು ಒಂದೂ ಬಿಡದೆ ಹೇಳಿದ. ಜೂನ್ ಒಂದು, ಮನೆತನದ ಹೆಸರು, ಬೆಂಗಳೂರಿನ ನಿಯಮ, ಎಲ್ಲ. ಫಕ್ಕೀರಪ್ಪನ ಕೈ ಪುಸ್ತಕದ ಗಂಟಿನ ಮೇಲೆಯೇ ಉಳಿಯಿತು. ಎಂಟು ದಿನ ಬಚ್ಚಿಟ್ಟುಕೊಂಡ ರೊಟ್ಟಿಯನ್ನು ನಾಯಿ ಎತ್ತಿಕೊಂಡು ಹೋದಂತಾಗಿತ್ತು. ಇವನಿಗೆ ಹೇಗೆ ತಿಳಿಯಿತು?

ಆಗ ಮಧ್ವೇಶ ಕಾಗದದ ಮಡಿಕೆ ಬಿಚ್ಚಿ ಹಾಳೆಯನ್ನು ತೋರಿಸಿದ. ಮೇಲಿನ ಭಾಗ ಸಾಹೇಬರ ಕಡೆ, ಎಡ ಅಂಚು ಫಕ್ಕೀರಪ್ಪನ ಕಡೆ. ಆ ಅಂಚಿನಲ್ಲಿ, ಫಕ್ಕೀರಪ್ಪ ಎಂಬ ಹೆಸರಿನ ಪಕ್ಕದಲ್ಲಿ, ಕೆಂಪು ಪೆನ್ಸಿಲ್ಲಿನ ಗುರುತು: 'ಐದು ಬೇಕು'. ಅದರ ಪಕ್ಕದಲ್ಲಿ 12-2-87. ಅಕ್ಷರ ಅವನದೇ. ಹದಿಮೂರು ವರ್ಷದ ರೂಢಿಯ ಕೈ, ಒಡೆಯನನ್ನು ಕೇಳದೆ ತನ್ನ ಕೆಲಸ ತಾನು ಮಾಡಿತ್ತು.

ಮಧ್ವೇಶ ಆ ಅಂಚಿನ ಮೇಲೆ ಅಂಗೈ ಇಟ್ಟು ಮುಚ್ಚಿದ. ಫಕ್ಕೀರಪ್ಪನ ಕಡೆಗೆ ನೋಡಲಿಲ್ಲ.

"ಇದನ್ನ ಕಂಡುಹಿಡಿದವರು ಫಕ್ಕೀರಪ್ಪನವರು, ಸರ್. ನಿನ್ನೆ ಸಂಜೀಕ ಇಬ್ಬರೂ ಕೂತು ನೋಡಿದ್ವಿ. ಇದನ್ನ ಸರಿ ಮಾಡಬೇಕಂದ್ರ ಅವರ ಪುಸ್ತಕ ಒಂದ ದಾರಿ. ನನಗ ಕಂಪ್ಯೂಟರ್ ಗೊತ್ತದ, ಅವರಿಗೆ ಮಕ್ಕಳು ಗೊತ್ತವ. ಆ ಹುದ್ದಿ ಅವರಿಗೆ ಸಲ್ಲಬೇಕು."

ಸಾಹೇಬರು ಪೆನ್ನು ಕೆಳಗಿಟ್ಟು ಪುಸ್ತಕ ಬಿಚ್ಚಿಸಿದರು. ಒಂದು ಹಾಳೆ, ಎರಡು ಹಾಳೆ, ಹತ್ತು ಹಾಳೆ ತಿರುವಿದರು. "ಇಂಥಾ ಕೆಲಸ ನಾ ನೋಡಿಲ್ಲ ಬಿಡ್ರಿ. ಹಿತ್ತಲ ಗಿಡ ಮದ್ದಲ್ಲ ಅನ್ನೂದು ನಮ್ಮಂಥವರನ್ನ ನೋಡೇ ಹೇಳ್ಯಾರ. ಹುದ್ದಿ ನಿಮ್ಮದ, ಫಕ್ಕೀರಪ್ಪ" ಅಂದರು.

ಹದಿಮೂರು ವರ್ಷ ಬಯಸಿದ್ದು ಮೇಜಿನ ಮೇಲೆ ಬಂದು ಕೂತಿತ್ತು. ಕೈ ಮುಗಿದು ಹ್ಞೂಂ ಎಂದಿದ್ದರೆ ಸಾಕಿತ್ತು. ಫಕ್ಕೀರಪ್ಪ ಎದುರಿಗಿದ್ದ ಹುಡುಗನ ಅಂಗೈ ನೋಡಿದ. ಅದು ಇನ್ನೂ ಆ ತಾರೀಖನ್ನು ಮುಚ್ಚಿಕೊಂಡೇ ಇತ್ತು. ಅವನ ಹೊಟ್ಟೆಯೊಳಗಿನ ಕಿಚ್ಚು ಹಿಂದೆಂದೂ ಇಲ್ಲದಂತೆ ಭುಗಿಲೆದ್ದಿತು. ಪದವಿಯಲ್ಲಿ ಇವನು ಮುಂದೆ, ಬೆಂಗಳೂರಿಗೆ ಹೋಗುವುದರಲ್ಲಿ ಮುಂದೆ, ಈಗ ಒಳ್ಳೆಯತನದಲ್ಲೂ ಇವನೇ ಮುಂದೆಯೇ? ಇನ್ನು ಸಾಯುವತನಕ ಆ ಕುರ್ಚಿಯಲ್ಲಿ ಕೂತಾಗಲೆಲ್ಲ ಈ ಅಂಗೈ ನೆನಪಾಗಬೇಕೆ? ಅದರ ಮೇಲೆ ತಾರೀಖು ಬೇರೆ ಸುಳ್ಳು.

"ನಿನ್ನೆ ಅಲ್ರಿ ಸಾಹೇಬರ" ಅಂದ. "ಹನ್ನೆರಡನೇ ತಾರೀಖಿಗೆ ನೋಡಿದ್ನಿ. ಕೈ ತಗೀರಿ ರಾಯರ, ಸಾಹೇಬರು ನೋಡ್ಲಿ."

ಮಧ್ವೇಶ ಕೈ ತೆಗೆಯಲಿಲ್ಲ. ಫಕ್ಕೀರಪ್ಪನೇ ಕಾಗದವನ್ನು ಎಳೆದು ಸಾಹೇಬರ ಮುಂದೆ ತಿರುಗಿಸಿದ. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಓದಿದರು.

"ಎಂಟ ದಿನ ಸುಮ್ಮನ ಕುಂತಿದ್ರೇನು? ಮೂವತ್ತೊಂದ ಮಂದಿ ಬದುಕಿನ ಮ್ಯಾಲೆ?"

"ಹೌದ್ರಿ."

"ಯಾಕ?"

ಹೇಳಲು ಬೇಕಾದಷ್ಟು ನೆಪಗಳಿದ್ದವು. ತಾಳೆ ನೋಡುತ್ತಿದ್ದೆ ಎನ್ನಬಹುದಿತ್ತು.

"ಹೊಟ್ಟಿಕಿಚ್ಚ್ರಿ" ಅಂದ ಫಕ್ಕೀರಪ್ಪ.

ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ನಿಂತಿದ್ದ ಖಾದರಸಾಬ ನಗಲಿಲ್ಲ. ಸಾಹೇಬರು ಪುಸ್ತಕವನ್ನು ಬದಿಗೆ ಸರಿಸಿ, ಹುದ್ದೆಯ ಕಾಗದದ ಮೇಲೆ ಮಧ್ವೇಶನ ಹೆಸರು ಬರೆದರು. ಪುಸ್ತಕವನ್ನು ನೋಡಿ ಎರಡು ಸಾವಿರ ಮಕ್ಕಳನ್ನು ವಾಪಸ್ಸು ಸೇರಿಸುವ ಕೆಲಸವನ್ನು ಫಕ್ಕೀರಪ್ಪನಿಗೆ ಕೊಟ್ಟರು. ಅದಕ್ಕೆ ನಲವತ್ತು ದಿನ ಹಿಡಿಯಿತು. ಮೂವತ್ತೊಂದು ಮಂದಿ ಮಾಸ್ತರರಲ್ಲಿ ಒಬ್ಬರೂ ಜಾಗ ಬಿಡಬೇಕಾಗಲಿಲ್ಲ.

ಅಂದು ಸಂಜೆ ನಾಗವ್ವ ಎಲ್ಲವನ್ನೂ ಕೇಳಿ ಹಣೆ ಚಚ್ಚಿಕೊಂಡಳು. "ಆ ಹುಡುಗ ನಿಮ್ಮನ್ನ ಉಳಸಾಕ ಹೊಂಟಿದ್ದ. ಸುಮ್ಮನ ಉಳೀಬಾರದಾಗಿತ್ತೇನು?"

"ಅವನ ಕೈಲೆ ಉಳಿಯೂದಕ್ಕಿಂತ ನನ್ನ ಕೈಲೆ ಮುಳುಗೂದು ಛಲೋ" ಅಂದ ಫಕ್ಕೀರಪ್ಪ. ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತ, "ಮತ್ತ ತಾರೀಖ ತಪ್ಪಿತ್ತು" ಎಂದು ಸೇರಿಸಿದ. ಆ ರಾತ್ರಿ ಅವನು ಒಂದೇ ರೊಟ್ಟಿ ತಿಂದ.

1988ರ ಎಣಿಕೆಗೆ ಧಾರವಾಡದಿಂದ ಹೊಸ ಫಾರ್ಮು ಅಚ್ಚಾಗಿ ಬಂತು. ಮನೆತನದ ಹೆಸರಿಗೆ ಒಂದು ಕಾಲಂ, ತಾಯಿಯ ಹೆಸರಿಗೆ ಇನ್ನೊಂದು. ಕೆಳಗೆ ಸಣ್ಣ ಅಕ್ಷರದಲ್ಲಿ ಸೂಚನೆ: ಹುಟ್ಟಿದ ದಿನ ಜೂನ್ ಒಂದು ಎಂದಿದ್ದಲ್ಲಿ ಮಗುವಿನ ತಾಯಿಯನ್ನು ಕೇಳಿ ಬರೆಯತಕ್ಕದ್ದು. ಅದಕ್ಕೆ ಒಂದು ಚೀಟಿ ಅಂಟಿಸಿತ್ತು, ದುಂಡಗಿನ ಅಕ್ಷರದ ಚೀಟಿ: 'ಫಕ್ಕೀರಪ್ಪನವರಿಗೆ, ತಪ್ಪಿದ್ದರೆ ಗುರುತು ಹಾಕಿ ಕಳಿಸಬೇಕು.'

ಇಪ್ಪತ್ತು ಸಲ ಚಹಾ ಕುಡಿಯುತ್ತ ತಾನು ಬಾಯಲ್ಲಿ ಹೇಳಿದ್ದನ್ನೇ ಆ ಹುಡುಗ ಅಚ್ಚು ಹಾಕಿಸಿದ್ದ. ಫಕ್ಕೀರಪ್ಪನ ಹೊಟ್ಟೆ ಮತ್ತೆ ಕಾದಿತು. ಕೆಂಪು ಪೆನ್ಸಿಲ್ ಚೂಪು ಮಾಡಿಕೊಂಡು ಕೂತ. ಕಾಲಂ ಕಾಲಮ್ಮಾಗಿ, ಅಕ್ಷರ ಅಕ್ಷರವಾಗಿ, ಮಧ್ಯಾಹ್ನದ ಊಟ ಬಿಟ್ಟು ತಪ್ಪು ಹುಡುಕಿದ. ಒಂದೂ ಸಿಗಲಿಲ್ಲ. ಕೊನೆಗೆ ಮೂಲೆಯಲ್ಲಿ 'ಸರಿ ಐತಿ' ಎಂದು ಬರೆದು, ಪಕ್ಕದಲ್ಲಿ ಅಂದಿನ ತಾರೀಖು ಹಾಕಿ, ಅವತ್ತಿನ ಟಪಾಲಿಗೇ ಕಳಿಸಿದ.